ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ

ನಮ್ಮ ಮನೆಯಲ್ಲಿ ಹೊರಟು ನಿಂತವರನ್ನು ‘ಎಲ್ಲಿಗೆ?’ ಎಂದು ಕೇಳುವ ಹಾಗಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ಹಿರಿಯರ ನಂಬಿಕೆ. ತಿಳಿಯಲೇಬೇಕಿದ್ದರೆ ‘ದೂರ ಹೊರಟಿರಾ?’ ಎನ್ನಬೇಕು. ಹೊರಟವರೂ ‘ಹೋಗ್ತೀನಿ’ ಎನ್ನಬಾರದು, ‘ಬರ್ತೀನಿ’ ಎನ್ನಬೇಕು. ನಂಜನಗೂಡಿನ ನಮ್ಮ ಬೀದಿಯಲ್ಲಿ ಎಲ್ಲರೂ ಇದನ್ನು ಅಷ್ಟಿಷ್ಟು ಪಾಲಿಸುತ್ತಾರೆ. ನನ್ನ ಚಿಕ್ಕಮ್ಮ ಮಾತ್ರ ಈ ವಿಷಯದಲ್ಲಿ ಸುಪ್ರೀಂ ಕೋರ್ಟು. ಒಮ್ಮೆ ಹಾಲಿನವನು ಗೇಟಿನ ಹತ್ತಿರ ‘ಎಲ್ಗೋಯ್ತಿದ್ದೀರಿ ಅಮ್ಮಾ?’ ಎಂದು ಕೇಳಿಬಿಟ್ಟ. ಮದುವೆಗೆ ಹೊರಟಿದ್ದ ನಮ್ಮನ್ನೆಲ್ಲ ಚಿಕ್ಕಮ್ಮ ಒಳಗೆ ಕರೆದು, ಕೂರಿಸಿ, ಒಂದೊಂದು ಲೋಟ ನೀರು ಕುಡಿಸಿ ಮತ್ತೆ ಹೊರಡಿಸಿದರು. ಮುಹೂರ್ತ ತಪ್ಪಿತು. ಶಾಸ್ತ್ರ ತಪ್ಪಲಿಲ್ಲ.

ಇದನ್ನು ಹೇಳಿಕೊಂಡು ಎಷ್ಟೋ ವರ್ಷ ನಕ್ಕಿದ್ದೇವೆ. ಈಗ ನಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ಮುಡುಕುತೊರೆಯ ಹೊಳೆ ದಂಡೆಯಲ್ಲಿ ಊಟ ಮುಗಿಸಿ ಎದ್ದುಹೋದ ಚಿಕ್ಕಪ್ಪ ಬೆಟ್ಟ ಹತ್ತಿದರೋ, ಹೊಳೆಗಿಳಿದರೋ ಎಂಬುದು ನಮ್ಮ ಎರಡು ಗಾಡಿ ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ ಕಾರಣ.

ಪ್ರವಾಸದ ಯೋಚನೆ ಚಿಕ್ಕಪ್ಪನದೇ. ಹೆಡ್‌ಮಾಸ್ಟರಾಗಿ ನಿವೃತ್ತರಾದ ಮೇಲೆ ಅವರಿಗೆ ಮನೆಯಲ್ಲಿ ಬೇಡಗಳ ಕಾಟ ಶುರುವಾಗಿತ್ತು. ಸಕ್ಕರೆ ಕಾಯಿಲೆ ಎಂದು ಸಿಹಿ ಬೇಡ, ಮಂಡಿ ನೋವೆಂದು ಮಹಡಿ ಬೇಡ, ಕಣ್ಣು ಮಂಜೆಂದು ಸ್ಕೂಟರ್ ಬೇಡ. ಡಾಕ್ಟರು ಒಂದು ಬೇಡ ಎಂದರೆ ಚಿಕ್ಕಮ್ಮ ಅದಕ್ಕೆ ಎರಡು ಸೇರಿಸುತ್ತಿದ್ದರು. ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ಪಡಸಾಲೆಯ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಮಕ್ಕಳಿಗೆ ರಜೆ ಬಂದಾಗ ಅವರೇ ಎಲ್ಲರಿಗೂ ಫೋನ್ ಮಾಡಿದರು. ಟಿ. ನರಸೀಪುರದ ಸಂಗಮದಲ್ಲಿ ಸ್ನಾನ, ತೆಪ್ಪದಲ್ಲಿ ಸುತ್ತಾಟ, ಮಧ್ಯಾಹ್ನ ಮುಡುಕುತೊರೆಯಲ್ಲಿ ಊಟ, ಬಿಸಿಲಿಳಿದ ಮೇಲೆ ಬೆಟ್ಟ. ಮುಡುಕುತೊರೆಯ ಪಕ್ಕದ ಹಳ್ಳಿಯೇ ನನ್ನ ಅಜ್ಜಿಯ ತವರು. ಚಿಕ್ಕಪ್ಪ ಹುಡುಗನಾಗಿದ್ದಾಗ ಬೇಸಿಗೆ ರಜೆಗಳನ್ನೆಲ್ಲ ಕಳೆದ ಜಾಗ.

ನಾನು ಮೈಸೂರಿನಿಂದ ಹಿಂದಿನ ಸಂಜೆಯೇ ನಂಜನಗೂಡಿಗೆ ಬಂದಿದ್ದೆ. ಕವಲಂದೆಯಿಂದ ಚಿಕ್ಕಪ್ಪನ ಹಳೆಯ ಸ್ನೇಹಿತರೊಬ್ಬರು ಮೊಮ್ಮಕ್ಕಳ ಸಮೇತ ಬಂದರು. ಬೆಳಿಗ್ಗೆ ಎದುರು ಮನೆಯಾಕೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ‘ದೂರ ಹೊರಟ್ರಾ?’ ಎಂದು ಕೇಳಿದಾಗ ಚಿಕ್ಕಮ್ಮನ ಮುಖ ಅರಳಿತು. ಪ್ರಯಾಣ ಸರಿಯಾಗಿ ಶುರುವಾಯಿತು ಎಂದುಕೊಂಡರು.

ಸಂಗಮದಲ್ಲಿ ಚಿಕ್ಕಪ್ಪ ಬೇರೆಯೇ ಮನುಷ್ಯ. ತೆಪ್ಪದಲ್ಲಿ ಮಕ್ಕಳು ಕಿರುಚಿದಷ್ಟೂ ‘ಇನ್ನೊಂದು ಸುತ್ತು ತಿರುಗಿಸಯ್ಯಾ’ ಎನ್ನುತ್ತಿದ್ದರು. ನೀರಿಗೆ ಕೈ ಇಳಿಬಿಟ್ಟುಕೊಂಡು, ಹೊಳೆ ಎಷ್ಟು ಆಳ ಎಂದು ಕೇಳಿದರು.

‘ಮೊದ್ಲಾದ್ರೆ ಏಳ್ಬೋದಿತ್ತು ಸಾ,’ ಎಂದ ತೆಪ್ಪದವನು. ‘ಈಗ ಮರಳು ಬಗ್ದು ಬಗ್ದು ಎಲ್ಲಿ ಗುಂಡಿ ಅದೆ, ಎಲ್ಲಿ ದಿಣ್ಣೆ ಅದೆ, ನಮ್ಗೇ ಗೊತ್ತಾಗಕಿಲ್ಲ.’

‘ಅದು ಇಲ್ಲಿ. ನಮ್ಮ ಮುಡುಕುತೊರೆ ಕಡೆ ಹಾಗಿಲ್ಲ ಬಿಡು,’ ಎಂದರು ಚಿಕ್ಕಪ್ಪ.

ಅವರ ಲೆಕ್ಕದಲ್ಲಿ ಹೊಳೆಗೂ ಊರುಗಳಿದ್ದವು. ಪರರ ಊರಿನ ಹೊಳೆಯನ್ನು ನಂಬಬಾರದು, ತಮ್ಮ ಊರಿನದನ್ನು ನಂಬಬಹುದು. ಅಜ್ಜಿಯ ತವರಿನ ಹೊಳೆ ತಮಗೆ ಮೋಸ ಮಾಡುವುದುಂಟೇ ಎಂಬ ಧೈರ್ಯ. ಆ ಧೈರ್ಯ ನಮಗೆಲ್ಲ ಆಗ ಮುದ್ದಾಗಿ ಕಂಡಿತು.

ಮುಡುಕುತೊರೆ ತಲುಪುವ ಹೊತ್ತಿಗೆ ನೆತ್ತಿ ಸುಡುತ್ತಿತ್ತು. ಹೊಳೆ ಸೊರಗಿತ್ತು. ನಡುವೆ ಮರಳಿನ ದಿಬ್ಬ ಎದ್ದು, ಅದರ ಮೇಲೆ ಒಂದಷ್ಟು ಪೊದೆ ಬೆಳೆದಿತ್ತು. ಮರದ ನೆರಳಿನಲ್ಲಿ ಜಮಖಾನ ಹಾಸಿ ಬಾಳೆಲೆ ಹಾಕಿದೆವು. ಕಾಡಿನಲ್ಲಿ ಉಂಡರೂ ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ ಬೀಳದೆ ಚಿಕ್ಕಮ್ಮ ಅನ್ನದ ಪಾತ್ರೆಯ ಮುಚ್ಚಳ ತೆಗೆಯುವವರಲ್ಲ. ಒಬ್ಬೊಬ್ಬರ ಮುಂದೆಯೂ ಬಗ್ಗಿ ತಾವೇ ಬಡಿಸಿದರು. ಆಮೇಲೆ ಪುಳಿಯೋಗರೆ, ಮೊಸರನ್ನ.

ಉಣ್ಣುತ್ತಾ ಚಿಕ್ಕಪ್ಪ ದಿಬ್ಬದ ಕಡೆ ಬೆರಳು ತೋರಿಸಿದರು. ‘ಅಲ್ಲಿಗೆ ನಡಕೊಂಡೇ ಹೋಗ್ತಿದ್ವಿ. ಮಂಡಿಯುದ್ದ ನೀರು. ಮಾವಿನಕಾಯಿ ಕದ್ದು ತಂದು ಅಲ್ಲಿ ಕೂತು ತಿಂತಿದ್ವಿ. ಇವನನ್ನ ಕೇಳಿ.’

‘ನಾನು ದಾಟ್ಲಿಲ್ಲಪ್ಪಾ, ನಿಮ್ಮ ಚಿಕ್ಕಪ್ಪನೇ ದಾಟ್ತಿದ್ದಿದ್ದು,’ ಎಂದರು ಕವಲಂದೆಯ ಸ್ನೇಹಿತರು. ‘ನಾನು ದಡದಲ್ಲಿ ಇವನ ಚಡ್ಡಿ ಕಾಯ್ತಿದ್ದೆ.’

ಎಲ್ಲರೂ ನಕ್ಕೆವು. ಚಿಕ್ಕಪ್ಪನ ಮಗ, ಅಂದರೆ ನನ್ನ ತಮ್ಮ, ಸುಮ್ಮನಿರಲಿಲ್ಲ. ‘ಅಪ್ಪಾ, ಮನೇಲಿ ಮಹಡಿ ಹತ್ತೋಕೆ ಏದುಸಿರು ಬಿಡ್ತೀರ. ಹೊಳೆ ಇರಲಿ, ಸಾಯಂಕಾಲ ಈ ಬೆಟ್ಟದ ಮೆಟ್ಟಿಲಾದ್ರೂ ಹತ್ತಿ ತೋರ್ಸಿ ನೋಡೋಣ.’ ಮತ್ತೆ ನಗು. ಮಗ ಅಪ್ಪನನ್ನು ಆಡಿಸುವುದು ನಮ್ಮಲ್ಲಿ ದಿನನಿತ್ಯದ್ದು. ಚಿಕ್ಕಪ್ಪನೂ ನಕ್ಕರು. ಆದರೆ ಕೊನೆಯ ತುತ್ತನ್ನು ಬೇಗ ಬೇಗ ಮುಗಿಸಿದರು.

ಕೈ ತೊಳೆದು, ಹೆಗಲಿಗೆ ಟವೆಲ್ ಹಾಕಿಕೊಂಡು, ‘ಬರ್ತೀನಿ’ ಎಂದರು. ಹೆಗಲ ಮೇಲೆ ಟವೆಲ್ ಇಲ್ಲದೆ ಅವರು ಬಚ್ಚಲಿಗೂ ಹೋದವರಲ್ಲ, ಹಾಗಾಗಿ ಅದರಿಂದ ಏನೂ ತಿಳಿಯುವಂತಿರಲಿಲ್ಲ. ನಾನು ಮೊಸರನ್ನದ ಕೈಯಲ್ಲೇ ತಲೆಯೆತ್ತಿ ‘ಎಲ್ಲಿ...’ ಎಂದು ಬಾಯಿ ತೆಗೆದೆ. ಪಕ್ಕದಲ್ಲಿದ್ದ ಚಿಕ್ಕಮ್ಮ ಫಟ್ಟನೆ ನನ್ನ ತೊಡೆ ಚಿವುಟಿದರು. ‘ಹೊರಟೋರನ್ನ ಹಾಗೆ ಕೇಳ್ತಾರೇನೆ? ಓದಿದೋಳು ನೀನು!’

ನಾನು ಬಾಯಿ ಮುಚ್ಚಿದೆ. ಚಿಕ್ಕಪ್ಪ ಮರಗಳ ಸಂದಿಯಲ್ಲಿ ಮರೆಯಾದರು. ಗಂಡಸರು ಊಟವಾದ ಮೇಲೆ ಆ ಕಡೆ ಈ ಕಡೆ ಹೋಗಿ ಬರುವುದು ಇದ್ದದ್ದೇ.

ಪಾತ್ರೆ ತೊಳೆದದ್ದಾಯಿತು. ಮಕ್ಕಳು ಬ್ಯಾಟು ಹಿಡಿದರು. ಕವಲಂದೆಯವರು ಸಣ್ಣ ನಿದ್ದೆ ಮಾಡಿ ಎದ್ದು ‘ಎಲ್ಲಿ ನಮ್ಮ ಮೇಷ್ಟ್ರು?’ ಎಂದಾಗಲೇ ನಮಗೆ ಹೊಳೆದದ್ದು, ಅವರು ಹೋಗಿ ಬಹಳ ಹೊತ್ತಾಗಿದೆ ಎಂದು. ಫೋನ್ ಮಾಡಿದೆವು. ಊಟದ ಬುಟ್ಟಿಯ ಪಕ್ಕದ ಚೀಲದೊಳಗೇ ಅದು ಬಡಿದುಕೊಂಡಿತು.

‘ಬೆಟ್ಟಕ್ಕೇ ಹೋಗಿರ್ತಾರೆ,’ ಎಂದರು ಚಿಕ್ಕಮ್ಮ. ದನಿಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ‘ನೀನು ಆಡಿಸಿದ್ಯಲ್ಲ, ಅದಕ್ಕೆ. ಯಾರಿಗೂ ಹೇಳ್ದೆ ಹತ್ತಿ, ಮೇಲೆ ನಿಂತು ಕೈ ಬೀಸ್ತಾರೆ ನೋಡು. ನನಗೆ ಗೊತ್ತಿಲ್ವಾ ಅವರ ಬುದ್ಧಿ?’

ಅವರಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ ಎಂದು ನಾವೂ ಒಪ್ಪಿದೆವು. ತಮ್ಮ ಮೆಟ್ಟಿಲು ಹತ್ತಿ ಓಡಿದ. ಹಿಂದೆ ನಾನು. ನಡುನಡುವೆ ಸಿಕ್ಕ ಮಂಟಪ, ಬಂಡೆಯ ನೆರಳು, ಎಲ್ಲ ಕಡೆ ನೋಡಿದೆವು. ಬಿಸಿಲಿಗೆ ಕಲ್ಲು ಕಾದು ಅಂಗಾಲು ಸುಡುತ್ತಿತ್ತು. ತುದಿಗೆ ಹೋದಾಗ ದೇವಸ್ಥಾನದ ಬಾಗಿಲು ಮುಚ್ಚಿತ್ತು, ಜಗಲಿಯ ಮೇಲೆ ಒಂದು ನಾಯಿ ಮಲಗಿತ್ತು. ತಮ್ಮ ಬಂಡೆಯ ಅಂಚಿಗೆ ನಿಂತು ಬಾಯಿಗೆ ಎರಡೂ ಕೈ ಹಿಡಿದು ‘ಅಪ್ಪಾ’ ಎಂದು ಕೂಗಿದ. ನಾಲ್ಕೂ ಕಡೆಗೆ ತಿರುಗಿ ತಿರುಗಿ ಕೂಗಿದ. ಕೆಳಗೆ ಹೊಳೆ ಹೊಳೆಯುತ್ತಿತ್ತು. ಕಣ್ಣು ಕುಕ್ಕುವ ಆ ಬಿಸಿಲಿನಲ್ಲಿ ಮರಳೇ ಯಾವುದು, ನೀರೇ ಯಾವುದು ಎಂದು ನನಗೆ ಬಿಡಿಸಿ ಕಾಣಲಿಲ್ಲ.

ನಾವು ಇಳಿದು ಬರುವಾಗ ಕವಲಂದೆಯವರು ಹೊಳೆಯ ಕಡೆಯಿಂದ ಎದುರಾದರು. ಕೈಯಲ್ಲಿ ಚಿಕ್ಕಪ್ಪನ ಚಪ್ಪಲಿ. ಸ್ವಲ್ಪ ದೂರದಲ್ಲಿ, ಹಳೆಯ ಕಾಲುದಾರಿ ನೀರಿಗೆ ಇಳಿಯುವ ಕಡೆ, ಕಲ್ಲಿನ ಮೇಲೆ ಜೋಡಿಸಿಟ್ಟಿದ್ದವಂತೆ. ಚಪ್ಪಲಿಗಳನ್ನು ನಮ್ಮ ಮುಂದೆ ಹಿಡಿದು ನಿಂತರು.

ಮುಂದಿನದೆಲ್ಲ ನನಗೆ ತುಂಡು ತುಂಡಾಗಿ ನೆನಪಿದೆ. ಮೀನು ಹಿಡಿಯುವವರು ತೆಪ್ಪ ತಂದರು. ದಿಬ್ಬಕ್ಕೆ ಮೊದಲು ಹೋದವನು ಅಲ್ಲಿಂದಲೇ ಒಂದು ಟವೆಲ್ ಎತ್ತಿ ತೋರಿಸಿದ. ಪೊದೆಯ ಆಚೆ ಮಗ್ಗುಲಿಗೆ, ನಮಗೆ ಕಾಣದ ಕಡೆ, ಒಣಗಲು ಹರವಿತ್ತು. ಅಂದರೆ ಚಿಕ್ಕಪ್ಪ ಹೊಳೆ ದಾಟಿದ್ದರು. ಮಂಡಿ ನೋವಿನ, ಏದುಸಿರಿನ ಚಿಕ್ಕಪ್ಪ ತಾವು ಹೇಳಿದ ಹಾಗೆಯೇ ನಡೆದು ದಾಟಿ, ದಿಬ್ಬದ ಮೇಲೆ ಕೂತು ದಣಿವಾರಿಸಿಕೊಂಡಿದ್ದರು. ನನಗೆ ಒಂದು ಕ್ಷಣ, ಆ ಸಂಕಟದಲ್ಲೂ, ಹೆಮ್ಮೆಯಾಯಿತು. ಹಾಗಾದರೆ ಇದ್ದಾರೆ, ಅಲ್ಲೇ ಎಲ್ಲೋ ಇದ್ದಾರೆ ಎಂದು ಆಸೆಯಾಯಿತು.

ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತೆಪ್ಪದಲ್ಲಿ ಈಚೆಗೆ ಬಂದಳು. ಅವಳು ಹೇಳಿದ್ದು ನನಗೆ ಮಾತ್ರ.

‘ದಿಬ್ಬದ್ಮೇಲೆ ಕುಂತಿದ್ರು ಕನವ್ವಾ. ಬೆಟ್ಟದ್ಮೇಲಿಂದ ಯಾರೋ ಅಪ್ಪಾ ಅಂತ ಕೂಗುದ್ರಲ್ಲಾ, ಆಗ ಎದ್ದು “ಬಂದೇ” ಅಂದ್ರು. ಟವಲ್ನೂ ತಕ್ಕೊಳ್ನಿಲ್ಲ. ಬಿರ್‍ರನೆ ನೀರ್ಗಿಳುದ್ರು. ನಾನು ಬಟ್ಟೆ ಕುಕ್ಕಿ ತಿರುಗಿ ನೋಡೋವತ್ಗೆ ಇರ್ನಿಲ್ಲ. ದಾಟಿ ಓಗವ್ರೆ ಅನ್ಕಂಡೆ.’

ಹೋದ ದಾರಿಯಲ್ಲೇ ಬಂದಿದ್ದರೆ ಮಂಡಿಯುದ್ದ ನೀರು. ಮಗನ ದನಿ ಬಂದ ಬೆಟ್ಟದ ಕಡೆಗೆ ನೇರವಾಗಿ ಇಳಿದಿದ್ದರು. ಅಲ್ಲಿ ಮರಳು ಬಗೆದ ಗುಂಡಿಯಿತ್ತು. ದಿಬ್ಬದ ಮೇಲೆ ನಿಂತು ನೋಡಿದರೆ ಅಲ್ಲೂ ಇಲ್ಲೂ ಒಂದೇ ನೀರು. ತೆಪ್ಪದವರು ಮುಳುಗಿ ಅವರನ್ನು ಎತ್ತಿದಾಗ ಕನ್ನಡಕ ಕಿವಿಗೆ ಸಿಕ್ಕಿಕೊಂಡೇ ಇತ್ತು. ಚಿಕ್ಕಮ್ಮ ಅಳಲಿಲ್ಲ. ತಮ್ಮ ಸೆರಗಿನಿಂದ ಗಂಡನ ತಲೆ ಒರೆಸುತ್ತಾ ‘ಶೀತ ಆಗತ್ತೆ, ಶೀತ ಆಗತ್ತೆ’ ಎನ್ನುತ್ತಿದ್ದರು. ತಮ್ಮನನ್ನು ಇಬ್ಬರು ಹಿಡಿದುಕೊಂಡಿದ್ದರು.

ಆ ಹೆಂಗಸು ಹೇಳಿದ್ದನ್ನು ನಾನು ಇದುವರೆಗೆ ತಮ್ಮನಿಗೆ ಹೇಳಿಲ್ಲ. ಅಪ್ಪ ಓಗೊಟ್ಟು ಬಂದರು ಎಂದು ಯಾವ ಬಾಯಲ್ಲಿ ಹೇಳಲಿ? ಅವನು ಈಗಲೂ, ಹೊಳೆ ಕಡೆ ಮೊದಲು ಹೋಗಿದ್ದರೆ ಎಂದು ಮಾತ್ರ ಹಲುಬುತ್ತಾನೆ. ಹಲುಬಲಿ. ಅದಾದರೂ ಹೊರಬಹುದಾದ ಭಾರ.

ನನ್ನ ಸಿಟ್ಟು ಚಿಕ್ಕಮ್ಮನ ಮೇಲೆ. ಮರೆಮಾಚಿ ಪ್ರಯೋಜನವಿಲ್ಲ, ಕರ್ಮಾಂತರ ಮುಗಿದ ಮೇಲೂ ಅವರ ಮುಖ ನೋಡಿದರೆ ನನ್ನ ತೊಡೆಯ ಮೇಲೆ ಆ ಚಿವುಟು ಉರಿಯುತ್ತಿತ್ತು. ಒಂದು ಮಾತು ಕೇಳಲು ಬಿಟ್ಟಿದ್ದರೆ ಚಿಕ್ಕಪ್ಪ ತಿರುಗಿ ‘ದಿಬ್ಬಕ್ಕೆ’ ಎನ್ನುತ್ತಿದ್ದರು. ಯಾರಾದರೂ ಬೇಡ ಎನ್ನುತ್ತಿದ್ದರು, ಇಲ್ಲವೇ ಮಕ್ಕಳೆಲ್ಲ ಗಲಾಟೆ ಮಾಡಿಕೊಂಡು ಜೊತೆಗೆ ಹೋಗುತ್ತಿದ್ದರು, ಇಲ್ಲವೇ ಮಗ ದಡದಲ್ಲಿ ನಿಂತು ಕೂಗುತ್ತಿದ್ದ. ಏನೂ ಆಗದ ಒಂದು ಮಧ್ಯಾಹ್ನ. ಅದನ್ನು ಚಿವುಟಿ ಹಾಕಿದರಲ್ಲ ಎನಿಸುತ್ತಿತ್ತು. ಯಾರೂ ಆ ಮಾತು ಎತ್ತಲಿಲ್ಲ. ಚಿಕ್ಕಮ್ಮನಿಗೆ ಅದು ನೆನಪಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ.

ಈ ಸಲ ದಸರಾ ರಜೆಗೆ ನಂಜನಗೂಡಿಗೆ ಹೋದಾಗ ಒಂದು ಹೊಸ ಸಂಗತಿ ಕಂಡೆ. ಚಿಕ್ಕಮ್ಮ ಎಲ್ಲರನ್ನೂ ‘ಎಲ್ಲಿಗೆ?’ ಎಂದು ಕೇಳುತ್ತಿದ್ದರು. ಕೆಲಸಕ್ಕೆ ಹೊರಟ ಮಗನನ್ನು, ಹಾಲು ಹಾಕಿ ಹೊರಟವನನ್ನು, ಪಂಚಾಂಗ ಹಿಡಿದು ಪೂಜೆಗೆ ಹೊರಟಿದ್ದ ಪಕ್ಕದ ಮನೆಯ ಪುರೋಹಿತರನ್ನು ಸಹ. ಪುರೋಹಿತರು ದುರುಗುಟ್ಟಿ ನೋಡಿ ಗೇಟು ಹಾಕಿಕೊಂಡು ಹೋದರು. ಎದುರು ಮನೆಯಾಕೆ ಈಗ ಚಿಕ್ಕಮ್ಮ ಒಳಗಿರುವ ಹೊತ್ತು ನೋಡಿ ಹೊರಡುತ್ತಾರಂತೆ. ಚಿಕ್ಕಮ್ಮ ಕೇಳುವುದಷ್ಟೇ ಅಲ್ಲ, ಉತ್ತರ ಸಿಗುವವರೆಗೂ ಗೇಟಿನ ಚಿಲಕ ಬಿಡುವುದಿಲ್ಲ. ಉತ್ತರ ಸಿಕ್ಕ ಮೇಲೂ ‘ಯಾವ ದಾರೀಲಿ?’ ಎನ್ನುತ್ತಾರೆ.

ನಾನು ಹೊರಟ ದಿನ ಚೀಲ ಹಿಡಿದು ಗೇಟಿಗೆ ಬಂದೆ. ಚಿಕ್ಕಮ್ಮ ಚಿಲಕದ ಮೇಲೆ ಕೈ ಇಟ್ಟು ನಿಂತಿದ್ದರು. ಕೈ ಎಷ್ಟು ಸಣ್ಣಗಾಗಿತ್ತೆಂದರೆ ಬಳೆಯಿಲ್ಲದ ಮಣಿಕಟ್ಟಿನ ಮೂಳೆ ಎದ್ದು ಕಾಣುತ್ತಿತ್ತು.

‘ಎಲ್ಲಿಗೆ?’

‘ಮೈಸೂರಿಗೆ, ಚಿಕ್ಕಮ್ಮ. ಬಸ್ಸಲ್ಲಿ. ತಾಂಡವಪುರದ ಮೇಲೆ.’

‘ಇಳಿದು?’

‘ಇಳಿದು ಆಟೋದಲ್ಲಿ ಮನೆಗೆ.’

ತಲೆಯಾಡಿಸಿದರು. ಚಿಲಕ ಬಿಡಲಿಲ್ಲ. ಚಿಲಕವನ್ನೇ ನೋಡುತ್ತಾ ಕೇಳಿದರು: ‘ಅವತ್ತು ನೀನು ಕೇಳೋಕೆ ಹೊರಟಿದ್ದೆ, ಅಲ್ವಾ?’

ನಾನು ಆರು ತಿಂಗಳು ಕಾಪಾಡಿಕೊಂಡು ಬಂದ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು.

‘ಯಾವತ್ತು? ಹೊಳೆ ಹತ್ರಾನಾ? ಇಲ್ಲಪ್ಪ,’ ಎಂದೆ. ‘ಉಪ್ಪಿನಕಾಯಿ ಎಲ್ಲಿ ಅಂತ ಕೇಳೋಕೆ ಬಾಯಿ ತೆಗೆದಿದ್ದೆ ನಾನು. ನೀವು ತಪ್ಪು ತಿಳ್ಕೊಂಡು ಚಿವುಟಿದ್ರಿ.’

ಚಿಕ್ಕಮ್ಮ ಚಿಲಕ ಸರಿಸಿ ಗೇಟು ತೆರೆದರು.

‘ಉಪ್ಪಿನಕಾಯಿ ನಿನ್ನ ಎಲೆ ಮೇಲೇ ಇತ್ತು ಕಣೇ,’ ಎಂದರು. ‘ನಾನೇ ಬಡಿಸಿದ್ದೆ.’