ಅರಮನೆಯ ನೆಲ ಮತ್ತು ಅತ್ತೆಯ ಅಮಾವಾಸ್ಯೆ

ನಮ್ಮ ಮಾವನವರು ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ನೆಲ. ಶಹಾಬಾದಿನಲ್ಲಿ ಫರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಮುನೀಮರಾಗಿ ದುಡಿದವರು ಅವರು. ಚಪ್ಪಲಿ ಕಳಚಿ, ಹೆಬ್ಬೆರಳಿನಿಂದ ನೆಲವನ್ನೊಮ್ಮೆ ಉಜ್ಜಿ, ಆಮೇಲೆಯೇ ಮನೆಯವರ ಕ್ಷೇಮ ವಿಚಾರಿಸುತ್ತಿದ್ದರು. ನನ್ನನ್ನು ನೋಡಲು ಸೇಡಂಗೆ ಬಂದಾಗಲೂ ಅದೇ ಕಥೆ. ಹುಡುಗಿ ಹೇಗಿದ್ದಾಳೆ ಎಂದು ಕೇಳಿದವರಿಗೆ, ಮನೆ ಛಲೋ ಅದ, ಫರ್ಸಿ ಮಾತ್ರ ಸಂದು ಬಿಟ್ಟದ ಎಂದರಂತೆ. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಅತ್ತೆಗೆ ಇದ್ದದ್ದು ಒಂದೇ ಆಸೆ, ಸಮುದ್ರಸ್ನಾನ. ಕಾಗಿಣಾ ಹೊಳೆಗಿಂತ ದೊಡ್ಡ ನೀರನ್ನು ಅವರು ಕಂಡವರೇ ಅಲ್ಲ. ನಮ್ಮ ವೈಷ್ಣವ ಮನೆಗಳಲ್ಲಿ ಸಮುದ್ರವನ್ನು ಮನಸ್ಸು ಬಂದಾಗ ಮುಟ್ಟುವಂತಿಲ್ಲ. ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವದಿನವೇ ಆಗಬೇಕು. ಬೇರೆ ದಿನ ದೂರದಿಂದ ಕೈಮುಗಿದು ಬರಬೇಕು. ಅದರಲ್ಲೂ ಗಂಡ ಹೆಂಡತಿ ಕೈ ಹಿಡಿದು ಒಟ್ಟಿಗೆ ಮುಳುಗಬೇಕು ಎಂಬುದು ಅತ್ತೆಯ ತವರಿನ ಪದ್ಧತಿ. ಮದುವೆಯ ಹೊಸದರಲ್ಲಿ ಮಾತು ಕೊಟ್ಟಿದ್ದ ಮಾವನವರು ರಿಟೈರ್ ಆಗುವ ತನಕ ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಲೇ ಬಂದಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಶಾಲೆಯ ಮಾಸ್ತರರೆಲ್ಲ ಮನೆಮಂದಿಯನ್ನು ಕಟ್ಟಿಕೊಂಡು ಕೇರಳಕ್ಕೆ ಹೊರಟಾಗ, ಟೀಚರಾಗಿದ್ದ ನಾನು ಇವರಿಬ್ಬರನ್ನೂ ಹೊರಡಿಸಿದೆ. ನನ್ನ ಗಂಡನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ದಾರಿಯಲ್ಲಿ ಸಂಭಾಳಿಸಬೇಕಾದ ಒಬ್ಬರ ಮುನಿಸು ಕಡಿಮೆಯಾಯಿತು ಅಂದುಕೊಂಡೆ. ಪಂಚಾಂಗ ನೋಡಿ ಲೆಕ್ಕ ಹಾಕಿದವಳೂ ನಾನೇ. ತಿರುವನಂತಪುರದಿಂದ ಗೈಡಿನ ಜೊತೆ ಬಸ್ಸಿನಲ್ಲಿ ಸುತ್ತುವ ದಿನ ಅಮಾವಾಸ್ಯೆ ಇತ್ತು, ಮಧ್ಯಾಹ್ನ ನಾಲ್ಕರವರೆಗೆ. ವಾಡಿಯಲ್ಲಿ ರೈಲು ಹತ್ತುವಾಗ ಮಾವನವರು ಅತ್ತೆಗೆ ಖಡಾಖಡಿ ಹೇಳಿಬಿಟ್ಟರು.

"ಇದೊಂದು ಆತಂದ್ರ ಮುಗೀತು ನೋಡು. ಮುಂದ ನನ್ನ ಎಲ್ಲಿಗೂ ಕರೀಬ್ಯಾಡ."

ಗೈಡು ತೆಳ್ಳಗಿನ, ಗಡಿಬಿಡಿಯ ಮನುಷ್ಯ. ಕೊರಳಲ್ಲಿ ಸೀಟಿ ಕಟ್ಟಿಕೊಂಡಿದ್ದ. ಅವನು ಹಿಂದಿಯಲ್ಲಿ ಹೇಳಿದ್ದನ್ನು ನಮ್ಮ ಮಂದಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಬೆಳಿಗ್ಗೆ ಎರಡು ಅರಮನೆ, ಮಧ್ಯಾಹ್ನ ಸಮುದ್ರದಂಡೆಯ ಎರಡು ಊರು. ಮೊದಲನೆಯದರಲ್ಲಿ ದೀಪಸ್ತಂಭ, ಎರಡನೆಯದರಲ್ಲಿ ಸ್ನಾನ. ಅರ್ಧ ಗಂಟೆಯಷ್ಟೇ, ಎಲ್ಲರೂ ಒಂದೇ ಕಡೆ ಇಳಿಯಬೇಕು, ಸೀಟಿ ಊದಿದ ಕೂಡಲೇ ಬಸ್ಸಿಗೆ ಬರಬೇಕು. ಇದನ್ನು ನಾನು ಹೇಳಿದಾಗ ಅತ್ತೆ ಬಸ್ಸಿನ ತುಂಬ ಒಮ್ಮೆ ಕಣ್ಣಾಡಿಸಿ, ಸೆರಗು ಬಿಗಿಯಾಗಿ ಹೊದ್ದುಕೊಂಡರು.

ಮೊದಲ ಅರಮನೆ ಸಸೂತ್ರ ಮುಗಿಯಿತು. ಎರಡನೆಯದು ರಾಜರ ಹಳೆಯ ಮರದ ಅರಮನೆ. ಮಾಡಿನ ತುಂಬ ಮರದ ಹೂವುಗಳ ಕೆತ್ತನೆ. ಗೈಡು ಕೈ ಮೇಲೆ ಮಾಡಿ ವಿವರಿಸುತ್ತಿದ್ದ. ನಾವೆಲ್ಲ, ಮಾವನವರೂ ಸೇರಿ, ಕತ್ತೆತ್ತಿ ನೋಡುತ್ತಿದ್ದೆವು. ಆಗ ಅತ್ತೆ ಮೆಲ್ಲಗೆ, "ಮ್ಯಾಲ ಏನ ನೋಡ್ತೀರಿ, ಕೆಳಗ ನೋಡ್ರಿ" ಎಂದರು.

ಕಪ್ಪು ನೆಲ. ಕಿಟಕಿಯ ಸರಳುಗಳೆಲ್ಲ ಅದರೊಳಗೆ ಕಾಣುತ್ತಿದ್ದವು. ಮಾವನವರ ಹೆಬ್ಬೆರಳು ತಾನಾಗಿಯೇ ಉಜ್ಜತೊಡಗಿತು. ಇದು ಯಾವ ಗಣಿಯ ಕಲ್ಲು ಕೇಳು ಎಂದರು. ಗೈಡು ಇದು ಕಲ್ಲೇ ಅಲ್ಲ, ಗಾರೆ ಎಂದ. ಶಹಾಬಾದಿನವರಿಗೆ ಹೇಳುವ ಮಾತೇ ಅದು? ಸಂದು ಎಲ್ಲೋ ಇರಲೇಬೇಕು ಎಂದು ಮಾವನವರು ಮಂಡಿಯೂರಿ ಹುಡುಕತೊಡಗಿದರು. ನಮ್ಮ ಇಬ್ಬರು ಮಾಸ್ತರರೂ ಕೂತರು. ಗೈಡಿನ ಸೀಟಿಗೆ ಯಾರೂ ಕಿವಿಗೊಡಲಿಲ್ಲ. ಅತ್ತೆ ಬೇರೆ, ಆ ಮೂಲೆ ನೋಡಿದಿರಾ, ಈ ಕಂಬದ ಬುಡ ನೋಡಿದಿರಾ ಎಂದು ತೋರಿಸುತ್ತಿದ್ದರು.

ಕೊನೆಗೆ ಗೈಡು ರೋಸಿಹೋಗಿ ಗುಟ್ಟು ಬಿಚ್ಚಿದ: ಸುಣ್ಣ, ಸುಟ್ಟ ತೆಂಗಿನ ಚಿಪ್ಪಿನ ಇದ್ದಿಲು, ಮೊಟ್ಟೆಯ ಬಿಳಿಭಾಗ. ನಾನು ಇದ್ದಿದ್ದನ್ನು ಇದ್ದಂತೆ ಹೇಳಿದೆ.

"ತತ್ತಿ?" ಎಂದವರೇ ಮಾವನವರು ತುದಿಗಾಲಲ್ಲಿ ನಿಂತುಬಿಟ್ಟರು. ಹೊರಗೆ ಕೊಳಾಯಿ ಹುಡುಕಿ ಕೈಕಾಲು ತೊಳೆದದ್ದಾಯಿತು, ಆಚಮನವಾಯಿತು. ಅಷ್ಟಾದ ಮೇಲೂ ಬಾಗಿಲಲ್ಲಿ ನಿಂತು, ಕಾಲು ಒಳಗಿಡದೆ, ಇನ್ನೊಮ್ಮೆ ನೆಲ ನೋಡಿದರು. ನನ್ನ ಮೈ ಉರಿಯುತ್ತಿತ್ತು.

ದೀಪಸ್ತಂಭಕ್ಕೆ ನಾವು ಇಳಿಯಲೂ ಇಲ್ಲ. ಆದರೂ ಕೊನೆಯ ಊರಿನ ದಂಡೆ ಮುಟ್ಟಿದಾಗ ನಾಲ್ಕು ದಾಟಿ ಹೋಗಿತ್ತು. ಮಾಸ್ತರರು ಪ್ಯಾಂಟು ಮಡಚಿ ಓಡಿದರು. ಅತ್ತೆ ಒದ್ದೆ ಮರಳಿನಿಂದ ಈಚೆಗೇ ನಿಂತು ಕೈಮುಗಿದರು. ಬದುಕಿನಲ್ಲಿ ಮೊದಲ ಸಲ ಸಮುದ್ರ ಕಂಡ ಹೆಂಗಸು ಹಾಗೆ ದೂರ ನಿಂತದ್ದು ನೋಡಿ ನನಗೆ ಅಳು ಬಂತು. ಅಳು ಬಂದರೆ ನನಗೆ ಬಾಯಿ ನಿಲ್ಲುವುದಿಲ್ಲ.

"ತತ್ತಿ ನೆಲಾ ನೋಡಿಕೋತ ಅತ್ಯಾರ ಅಮಾಸಿ ಕಳದ್ರಿ ನೀವು" ಎಂದೆ. ಸೊಸೆ ಆಡುವ ಮಾತಲ್ಲ, ಗೊತ್ತಿತ್ತು. ಆದರೂ ಆಡಿಬಿಟ್ಟೆ.

ಮಾವನವರು ಸಿಟ್ಟಾಗಲಿಲ್ಲ. ನೆಟ್ಟಗೆ ಅತ್ತೆಯ ಹತ್ತಿರ ಹೋದರು. "ತಪ್ಪಾತು. ಬರೂ ಹುಣ್ಣಿಮಿಗೆ ಇಲ್ಲಿಗೇ ಬರೂಣು. ನಾವಿಬ್ಬರೇ."

"ನೋಡ್ರಿ, ನಿಮ್ಮ ಅನುಕೂಲ" ಎಂದರು ಅತ್ತೆ, ಸಮುದ್ರದಿಂದ ಕಣ್ಣು ಕೀಳದೆ.

ಹೋದರು. ಆ ಹುಣ್ಣಿಮೆಗೇ. ವಾಡಿಯ ತನಕ ಹೋಗಿ ರೈಲು ಹತ್ತಿಸಿ ಬಂದವಳು ನಾನು. ಮರಳಿ ಬಂದ ದಿನ ಅತ್ತೆ ಅಡುಗೆಮನೆಯಲ್ಲಿ ಭಕ್ರಿ ಬಡಿಯುತ್ತ ಎಲ್ಲವನ್ನೂ ಹೇಳಿದರು. ದಂಡೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲವಂತೆ. ತೆರೆ ಬಂದಾಗ ಹೆದರಿದ್ದು ಮಾವನವರೇ ಅಂತೆ. ಮೂರು ಮುಳುಗು ಹಾಕಿ ಒಣ ಮರಳಿಗೆ ಬಂದ ಮೇಲೂ ಹಿಡಿದ ಕೈ ಬಿಡಲಿಲ್ಲವಂತೆ. ಹೇಳುವಾಗ ಅವರ ಮುಖ ಕೆಂಪಾಗಿತ್ತು, ಒಲೆಯ ಮುಂದೆ ಕೂತದ್ದಕ್ಕೇ ಇರಬೇಕು ಅಂದುಕೊಂಡೆ. ಆಗ ತಟ್ಟನೆ ಹೊಳೆಯಿತು.

"ಅತ್ಯಾ, ಅರಮನ್ಯಾಗ ಮಾವನವರಿಗೆ ನೆಲಾ ತೋರಿಸಿದವ್ರು ನೀವ ಅಲ್ಲೇನ್ರಿ?"

ಅತ್ತೆ ಭಕ್ರಿ ತಿರುವಿ ಹಾಕಿದರು.

"ಅಷ್ಟು ಮಂದಿ ಮಾಸ್ತರ ಮುಂದ, ಅವಾ ಸೀಟಿ ಊದೂದ್ರಾಗ, ನಾ ಅವರ ಕೈ ಹೆಂಗ ಹಿಡೀಲೆವಾ?"