ನೀರಿನ ಗೆರೆಯಿಂದ ಎರಡು ಮುಷ್ಟಿ

ಮಲ್ಪೆಯ ಕಡಲ ಮೇಲೆ, ದೋಣಿಯಿಂದ ನಾನು ಕಂಡ ನಿಶ್ಚಲ ಬೆಳಕಿನ ಬಗ್ಗೆ ಹೇಳಿಕೆ ಕೊಡಲು ದೆಹಲಿಗೆ ಬಂದಿದ್ದೆ. ತನಿಖಾಧಿಕಾರಿ ಮೈಸೂರಿನವರು. "ಎಷ್ಟು ಎತ್ತರದಲ್ಲಿತ್ತು?" ಎಂದರು.

ನಾವು ದೋಣಿಯವರು ಕೈ ಚಾಚಿ, ಕಡಲು ಆಕಾಶ ಸೇರುವ ನೀರಿನ ಗೆರೆಯಿಂದ ಮುಷ್ಟಿಯ ಮೇಲೆ ಮುಷ್ಟಿಯಿಟ್ಟು ಎತ್ತರ ಅಳೆಯುತ್ತೇವೆ. ಕಿಟಕಿಯಾಚೆಯ ಹೊಗೆಮಂಜಿನಲ್ಲಿ ಗೆರೆಯೇ ಇರಲಿಲ್ಲ.

"ಚಲೋ, ಟೆರೇಸಿಗೆ ಹೋಗೋಣ. ಅಲ್ಲಿರೋ ಗೋಡೇನೇ ಸಮುದ್ರ ಅಂದ್ಕೊಳ್ಳಿ," ಎಂದರು ಅಧಿಕಾರಿ.

ಗೋಡೆಯ ಮೇಲಂಚಿನಿಂದ ಎರಡು ಮುಷ್ಟಿ ಹಿಡಿದು ತೋರಿಸಿದೆ. ಸಂಜೆಯ ಮಬ್ಬಿನಲ್ಲಿ ಸರಿಯಾಗಿ ಅಲ್ಲೇ ಒಂದು ಬೆಳಕು ಅಲುಗಾಡದೆ ನಿಂತಿತ್ತು. ಅದು ನಿಧಾನವಾಗಿ ದೊಡ್ಡದಾಗಿ, ಚಕ್ರ ಇಳಿಬಿಟ್ಟ ವಿಮಾನವಾಗಿ, ತಲೆಯ ಮೇಲೆ ಗುಡುಗುತ್ತ ಹೋಯಿತು.

"ನೀವು ನೋಡಿದ್ದು ಇದೇನಾ?" ಅಧಿಕಾರಿ ಮೆಲ್ಲಗೆ ಕೇಳಿದರು.

"ಅದಕ್ಕೆ ಸದ್ದಿರಲಿಲ್ಲ ಸರ್," ಎಂದೆ. ಮುಷ್ಟಿಗಳನ್ನು ನಾನಿನ್ನೂ ಇಳಿಸಿರಲಿಲ್ಲ.