ಸದ್ದಿಲ್ಲದ ಕಲ್ಲು ಹುಡುಕಿ ರಾವೂರಿಗೆ

ವಾಡಿ ಜಂಕ್ಷನ್ನಿನಲ್ಲಿ ಇಳಿದಾಗ ಬೆಳಗಿನ ಬಿಸಿಲು ಆಗಲೇ ಚುರುಕಾಗಿತ್ತು. ಗಾಡಿಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಹಾಸಿಗೆ ಸುತ್ತಿ, ಕ್ಷೌರ ಮುಗಿಸಿದ್ದೆ. ಪ್ರವಾಸದಲ್ಲಿ ದಿನಚರಿ ತಪ್ಪಿದರೆ ಕೆಲಸವೂ ತಪ್ಪುತ್ತದೆ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ವಿಕಿರಣ ತಾಗಿದಾಗಲೆಲ್ಲ ಟಿಕ್ ಎನ್ನುವ ಪೆಟ್ಟಿಗೆ.

ಕಲ್ಕತ್ತೆಯ ನಮ್ಮ ಪ್ರಯೋಗಾಲಯದಲ್ಲಿ ಆಗ ಪ್ರೋಟಾನು ವಿಪರೀತ ಹೆಚ್ಚಿ, ನ್ಯೂಟ್ರಾನು ತೀರ ಕಡಿಮೆಯಾದ ಪರಮಾಣು ಬೀಜಗಳ ಅಧ್ಯಯನ ನಡೆದಿತ್ತು. ಇವು ನೆಲದಲ್ಲಿ ಸಿಗುವುದಿಲ್ಲ. ಯಂತ್ರದಲ್ಲಿ ಡಿಕ್ಕಿ ಹೊಡೆಸಿ ಹುಟ್ಟಿಸಬೇಕು. ಹುಟ್ಟಿದ ಕ್ಷಣಾರ್ಧದಲ್ಲಿ ಕೆಟ್ಟುಹೋಗುತ್ತವೆ. ಹೋಗುವಾಗ ಚೆಲ್ಲುವ ಕಿರಣವೊಂದೇ ಅವುಗಳ ಗುರುತು. ಆದರೆ ಗೋಡೆಯ ಇಟ್ಟಿಗೆ, ನೆಲದ ಮಣ್ಣು ಕೂಡ ಅಷ್ಟಿಷ್ಟು ವಿಕಿರಣ ಸೂಸುತ್ತವೆ. ಯಾವುದು ಬೀಜದ್ದು, ಯಾವುದು ಗೋಡೆಯದ್ದು ಎಂಬುದೇ ನಮ್ಮ ನಿತ್ಯದ ಅನುಮಾನ. ಉಪಕರಣದ ಸುತ್ತ ಕಟ್ಟಲು ವಿಕಿರಣ ಅತಿ ಕಡಿಮೆಯಿರುವ ಕಲ್ಲು ಬೇಕಾಗಿತ್ತು.

ಮೊದಲು ಶಹಾಬಾದಿಗೆ ಹೋದೆ. ವ್ಯಾಪಾರಿಗಳು ಹಾಸುಗಲ್ಲು ತೋರಿಸಿದರು, ಚಹಾ ಕುಡಿಸಿದರು, ಯಾವ ಗಣಿಯ ಕಲ್ಲೆಂದು ಮಾತ್ರ ಹೇಳಲಿಲ್ಲ. ಹತ್ತು ಕಡೆಯದನ್ನು ಬೆರೆಸಿರುವಂತೆ ಕಂಡಿತು. ಹೋಟೆಲಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ವಾಡಿಗೆ ಮರಳಿ, ಚಿತ್ತಾಪುರದ ಬಸ್ಸು ಹತ್ತಿ ರಾವೂರಿನಲ್ಲಿ ಇಳಿದೆ.

ಅಲ್ಲಿ ಹುಸೇನಸಾಬ ಎಂಬ ರೈತ ತನ್ನ ಹೊಲದ ಅಂಚಿನಲ್ಲೇ ಕಲ್ಲು ತೆಗೆಯುತ್ತಿದ್ದ. ಪೆಟ್ಟಿಗೆ ಕಂಡೊಡನೆ ಅವನ ಮುಖ ಬಿಗಿಯಿತು. ಪಕ್ಕದ ಹೊಲಗಳು ಕಾರ್ಖಾನೆಗೆ ಹೋಗುವ ಮೊದಲೂ ಯಾರೋ ಹೀಗೆಯೇ ಪೆಟ್ಟಿಗೆ ಹಿಡಿದು ಬಂದಿದ್ದರಂತೆ. ಅದು ಸದ್ದು ಮಾಡಿದ ಹೊಲಗಳೇ ಹೋದವೆಂಬುದು ಅವನ ನಂಬಿಕೆ; ನನಗೆ ಸದ್ದು ಮಾಡದ ಕಲ್ಲು ಬೇಕೆಂದೆ.

"ಪೆಟ್ಟಿಗಿ ಒದರಿದ್ರ ಹೊಲ ಹೋಗ್ತದ, ಸುಮ್ನಿದ್ರ ಕಲ್ಲು ಹೋಗ್ತದ. ನಮಗೇನು ಉಳೀತದ ಹೇಳ್ರಿ ಸಾಹೇಬ್ರ?" ಎಂದ.

ನಮ್ಮ ಬೀಜಗಳ ಕಥೆಯನ್ನು ಆದಷ್ಟು ಸರಳವಾಗಿ ಹೇಳಿದೆ. ಅವನ ಹೆಂಡತಿ ರಾಬಿಯಾಬಿ ಬುಟ್ಟಿ ಇಳಿಸಿ ಕಿವಿಗೊಟ್ಟಳು. "ಹುಟ್ಟಿದ ಘಳಿಗ್ಯಾಗ ಸಾಯೋದನ್ನ ನೋಡ್ಲಿಕ್ಕ ಹೊಂಟಾರಂತ. ಅದಕ್ಕ ನಮ್ಮ ಕಲ್ಲೇ ಬೇಕಂತ. ಇದನ್ನ ನಂಬೋ ಮಾತೇನು?" ಎಂದು ಗಂಡನನ್ನು ಕೇಳಿದಳು, ನನ್ನನ್ನಲ್ಲ.

ಅರೆಮನಸ್ಸಿನಿಂದಲೇ ಅಳೆಯಲು ಬಿಟ್ಟರು. ಪೆಟ್ಟಿಗೆ ಬಹುಮಟ್ಟಿಗೆ ಮೌನವಾಗಿತ್ತು. ಒಂದೇ ಅಳತೆಯನ್ನು ನಂಬುವವನಲ್ಲ ನಾನು. ಕಲ್ಲುಗಳಿಗೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ವಾಡಿಯ ವೇಟಿಂಗ್ ರೂಮಿನಲ್ಲಿ ಮಲಗಿ, ಮರುದಿನ ಮೊದಲ ಬಸ್ಸಿಗೆ ಬಂದೆ.

ಕಲ್ಲಿನ ಸುತ್ತ ಚೀಲಗಳ ರಾಶಿ ಬಿದ್ದಿತ್ತು. ಕಳ್ಳರ ಕಾಟಕ್ಕೆ ಇಲ್ಲಿ ತಂದಿಟ್ಟೆ ಎಂದ ಹುಸೇನಸಾಬ. ನಡುವೆ ಪೆಟ್ಟಿಗೆ ಇಟ್ಟೆ. ಹಂಚಿನ ಮೇಲೆ ಅರಳು ಸಿಡಿದಂತೆ ಅದು ಒದರತೊಡಗಿತು. ರಾತ್ರಿ ಕಲ್ಲು ಬದಲಿಸಿದ್ದಾನೆಂದುಕೊಂಡೆ. ಬಗ್ಗಿ ನೋಡಿದರೆ ಗುರುತು ನನ್ನದೇ. ತಲೆಯೆತ್ತಿದಾಗ ಅವನು ನೆಲಕ್ಕೆ ಕುಸಿದಿದ್ದ.

"ಹೋತು. ಹೊಲ ಹೋತು," ಎಂದ. ಬದುವಿನ ಮೇಲೆ ನಿಂತಿದ್ದ ನೆರೆಯವರು ಪಿಸುಗುಟ್ಟತೊಡಗಿದರು.

ಚೀಲದಲ್ಲೇನೆಂದು ಕೇಳಿದೆ. ರಾಬಿಯಾಬಿ ಸಿಡುಕಿದಳು: "ಪೊಟ್ಯಾಷ್ ಗೊಬ್ಬರ. ಸುತ್ತ ಒಟ್ಟಿದ್ರ ಸದ್ದು ಒಳಗೇ ಉಳೀತದಂತ ರಾತ್ರಿಯೆಲ್ಲಾ ಹೊತ್ತಾನ ಈ ಶಾಣ್ಯಾ. ನಾ ಬ್ಯಾಡ ಅಂದೆ."

ಪೊಟ್ಯಾಷ್ ಸ್ವಭಾವತಃ ವಿಕಿರಣ ಸೂಸುತ್ತದೆ. ಚೀಲಗಳನ್ನು ದೂರ ಸರಿಸಿದ್ದೇ ಪೆಟ್ಟಿಗೆ ತಣ್ಣಗಾಯಿತು. ಹುಸೇನಸಾಬ ನಂಬಲಿಲ್ಲ. ಒದರಿಸುವವರೂ ನೀವೇ, ಬಾಯಿ ಮುಚ್ಚಿಸುವವರೂ ನೀವೇ ಎಂದ. ಅವನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಅನ್ನುತ್ತಿದ್ದೆ. ಆಮೇಲೆ ತಾನೇ ಒಂದು ಚೀಲ ಹೆಗಲಿಗೇರಿಸಿ, ಹೊಲ ದಾಟಿ, ಸರ್ಕಾರಿ ರಸ್ತೆಯ ಮೋರಿಯ ಮೇಲೆ ಒಗೆದು, ಅಲ್ಲಿ ಅಳೆಯಿರಿ ಎಂದ. ಪೆಟ್ಟಿಗೆ ಅಲ್ಲೂ ಒದರಿತು. ನೆರೆಯವರು ನಗುತ್ತ ಚದುರಿದರು. ಅವನು ನಗಲಿಲ್ಲ.

ಕಲ್ಲು ಕೊಡಲು ಒಪ್ಪಿದ, ಒಂದು ಷರತ್ತಿನ ಮೇಲೆ: ರಾವೂರಿನ ಸೀಮೆಯಲ್ಲಿ ಪೆಟ್ಟಿಗೆ ಮತ್ತೆ ತೆರೆಯಕೂಡದು. ಒಂದೊಂದು ಹಾಸುಗಲ್ಲನ್ನೂ ಅಳೆದು ಆರಿಸಬೇಕೆಂದಿದ್ದ ನಾನು, ಅವನು ಎತ್ತಿಕೊಟ್ಟದ್ದನ್ನು ಸುಮ್ಮನೆ ಲಾರಿಗೆ ಹೇರಿಸಬೇಕಾಯಿತು. ಅದರಲ್ಲಿ ಎಷ್ಟು ಬೇರೆ ಕಡೆಯದ್ದೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ವಾಡಿಯ ಗೂಡ್ಸ್ ಶೆಡ್ಡಿನಲ್ಲಿ ನೋಡಿದರೆ ಕಲ್ಲಿನ ಮೇಲೆಯೇ ಕುಳಿತು ಹುಸೇನಸಾಬನೂ ಬಂದಿದ್ದ. ಅಳೆಯಲು ಬಿಡಬಾರದೆಂದು ಬಂದನೆಂದುಕೊಂಡೆ. ಅವನು ಹಾರಿ ಇಳಿದು ಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತ.

"ಈಗ ತೆಗೀರಿ. ಇಲ್ಲಿ ನಂದೇನೂ ಇಲ್ಲ. ನಾನೂ ಕೇಳ್ತೀನಿ."

ಒಂದು ಹಾಸುಗಲ್ಲಿನಿಂದ ಇನ್ನೊಂದಕ್ಕೆ ಪೆಟ್ಟಿಗೆ ಸರಿಸಿದೆ. ಎಲ್ಲ ಒಂದೇ ಗಣಿಯವು, ಎಲ್ಲ ಮೌನ. ಬಹಳ ಹೊತ್ತಿನ ಮೇಲೆ ಒಂದು ಟಿಕ್. ಹುಸೇನಸಾಬ ನನ್ನ ಮಣಿಕಟ್ಟು ಹಿಡಿದ. "ಇದು ಎಲ್ಲಿಂದ ಬಂತು?"

ಕಲ್ಲಿನದಲ್ಲ, ಆಕಾಶದಿಂದ ಬರುವ ಕಿರಣ, ಹಗಲಿರುಳು ಎಲ್ಲ ಊರಿನ ಮೇಲೂ ಬೀಳುತ್ತದೆ ಎಂದೆ. ಅವನು ಶೆಡ್ಡಿನ ತಗಡಿನಾಚೆ ಮೇಲೆ ನೋಡಿದ. ಅದನ್ನೂ ತೂಗಿ ನೋಡುತ್ತಿರುವಂತೆ ಕಂಡಿತು. ಕಡೆಗೆ ನನ್ನ ಮಣಿಕಟ್ಟು ಬಿಟ್ಟ.

"ಆಕಾಶ ಯಾರ ಹೆಸರಿಗೂ ಇಲ್ಲ. ಬರ್ಲಿ ಬಿಡ್ರಿ."

ನನ್ನ ಗಾಡಿ ಹೊರಟಾಗ ಕಿಟಕಿಯಿಂದ ನೋಡಿದೆ. ಖಾಲಿ ಲಾರಿಯ ಮೇಲೆ ಕಾಲು ಚಾಚಿ, ಮುಖ ಮೇಲೆ ಮಾಡಿ ಮಲಗಿಕೊಂಡು ಅವನು ರಾವೂರಿಗೆ ಹೊರಟಿದ್ದ.